ಉಪ್ಪು ಕಡಿಮೆ ಎನ್ನುವ ಹಕ್ಕು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಗಸ್ಟ್ ಕೊನೆಗೆ ಹೊಸ ವರ್ಷದ ಪಾಠಗಳು ಶುರುವಾಗುತ್ತವೆ. ಎಂ.ಎಸ್.ಗೋ ಪಿಎಚ್.ಡಿ.ಗೋ ಸೇರಲು ಬಂದವರು ಸೂಟ್‌ಕೇಸು ಇಳಿಸಿ ಬಾಡಿಗೆ ಕೋಣೆಯ ಬೀಗದ ಕೈ ಪಡೆಯುವಷ್ಟರಲ್ಲಿ ಆಮಂತ್ರಣಗಳು ಬರತೊಡಗುತ್ತವೆ. ಅವುಗಳಲ್ಲಿ ಒಂದನ್ನು 'ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಸಂಜೆ' ಎಂದು ಕನ್ನಡಿಸಬಹುದು. ಗೋಡೆಯ ಮೇಲೆ ಜಗತ್ತಿನ ನಕಾಶೆ. ಬಂದವರು ತಮ್ಮ ಊರಿನ ಮೇಲೊಂದು ಗುಂಡುಸೂಜಿ ಚುಚ್ಚಬೇಕು. ಎದೆಗೆ ಅಂಟಿಸಿಕೊಳ್ಳಲು ಹೆಸರಿನ ಚೀಟಿ. ತನ್ನನ್ನು 'ಅವನು' ಎನ್ನಬೇಕೋ 'ಅವಳು' ಎನ್ನಬೇಕೋ 'ಅವರು' ಎನ್ನಬೇಕೋ ಅದನ್ನೂ ಅಲ್ಲೇ ಬರೆಯಬಹುದು. (ಕನ್ನಡದಲ್ಲಿ 'ಅವರು' ಎಂದುಬಿಟ್ಟರೆ ಮರ್ಯಾದೆಯೂ ಆಯಿತು, ತಂಟೆಯೂ ತಪ್ಪಿತು!) ಮೇಜಿನ ಮೇಲೆ ಸಮೋಸ ಇರುತ್ತದೆ, ಅರಬರ ಹಮ್ಮಸ್ ಇರುತ್ತದೆ. ಡೀನ್ ಒಬ್ಬರು ಐದು ನಿಮಿಷ ಮಾತಾಡುತ್ತಾರೆ. ಮಾತಿಗೆ ಮೊದಲು ಈ ನೆಲ ಯಾವ ಮೂಲನಿವಾಸಿ ಬುಡಕಟ್ಟಿನದಾಗಿತ್ತು ಎಂಬುದನ್ನು ಸ್ಮರಿಸುತ್ತಾರೆ. ನೆಲವನ್ನು ಮರಳಿ ಕೊಡುವ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ಎರಡು ಗಂಟೆಯಲ್ಲಿ ಎಲ್ಲ ಮುಗಿದು ಒಂದು ಗುಂಪು ಫೋಟೋ ಆಗುತ್ತದೆ.

ಇದನ್ನು ಗೇಲಿ ಮಾಡುವುದು ಸುಲಭ. ಗೇಲಿ ಮಾಡಿದವರು ಬಹಳ ಜನ ಇದ್ದಾರೆ, ಅದರಲ್ಲಿ ನಮಗೆ ಆಸಕ್ತಿಯಿಲ್ಲ. ಆದರೆ ಈ ಸಂಜೆಗಳು ಒಂದು ನೈತಿಕ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ. ಒಬ್ಬರನ್ನು ಕರೆಯುವುದಕ್ಕೂ ಒಬ್ಬರಿಗೆ ಜಾಗ ಕೊಡುವುದಕ್ಕೂ ವ್ಯತ್ಯಾಸವೇನು?

ಉರ್ದುವಿನಲ್ಲೂ ಕನ್ನಡದಲ್ಲೂ ಅಕ್ಷರ ಕಲಿತ ನಮಗೆ ಇಂಥ ಪ್ರಶ್ನೆ ಬಂದಾಗ ಕೈ ಮೊದಲು ಶಬ್ದಗಳ ಕಡೆಗೇ ಹೋಗುತ್ತದೆ. 'ಒಳಗೊಳ್ಳು' ಎನ್ನುವ ಕನ್ನಡ ಕ್ರಿಯಾಪದದಲ್ಲಿ ಒಳಗೆ ಇರುವವನೇ ಕರ್ತೃ. ಹೊರಗಿನವನು ನಿಂತು ಕಾಯಬೇಕು. ಉರ್ದುವಿನ 'ಶಾಮಿಲ್ ಹೋನಾ' ಹಾಗಲ್ಲ; ಬರುವವನು ತಾನೇ ಬಂದು ಸೇರುತ್ತಾನೆ. ಆ ಶಬ್ದ ಕನ್ನಡಕ್ಕೆ ಬರುವಾಗ ಅದಕ್ಕೊಂದು ಗತಿಯಾಯಿತು. ನಮ್ಮ ಪತ್ರಿಕೆಗಳಲ್ಲಿ ಯಾರಾದರೂ 'ಶಾಮೀಲು' ಆಗುವುದು ಕಳ್ಳತನದಲ್ಲಿ, ಇಲ್ಲವೇ ಹಗರಣದಲ್ಲಿ!

ನಮ್ಮ ಮನೆಗಳಲ್ಲಿ ದಸ್ತರ್‌ಖಾನ್ ಹಾಸಿದಾಗ ಮೆಹಮಾನನಿಗೆ ಮೊದಲ ತಟ್ಟೆ, ದೊಡ್ಡ ತುಂಡು. ಬಿರಿಯಾನಿಗೆ ಉಪ್ಪು ಕಡಿಮೆಯಾಗಿದ್ದರೆ ಆತ ಹೇಳುವುದಿಲ್ಲ. 'ಮಾಶಾ ಅಲ್ಲಾಹ್, ಬಹಳ ಚೆನ್ನಾಗಿದೆ' ಎಂದು ಇನ್ನೆರಡು ತುತ್ತು ಉಣ್ಣುತ್ತಾನೆ. ಉಪ್ಪಿಲ್ಲ ಎಂದು ಮುಖ ಸಿಂಡರಿಸುವವನು ಮನೆಯ ಮಗ. ಎದ್ದು ಹೋಗಿ ಉಪ್ಪಿನ ಡಬ್ಬಿ ತರುವವಳು ಮನೆಯ ಮಗಳು. ಇವರಿಬ್ಬರ ನಡುವೆ ಇನ್ನೊಬ್ಬಳಿದ್ದಾಳೆ, ಹೊಸ ಸೊಸೆ. ಅವಳು ಮೆಹಮಾನಳೂ ಅಲ್ಲ, ಮನೆಯವಳೂ ಆಗಿಲ್ಲ. ದುಡಿಮೆ ಪೂರ್ತಿ ಅವಳದು, ಮಾತು ಮಾತ್ರ ಅಳೆದು ಆಡಬೇಕು.

ಸ್ನಾತಕೋತ್ತರ ವಿದ್ಯಾರ್ಥಿಯ, ಅದರಲ್ಲೂ ಸಂಶೋಧನಾ ವಿದ್ಯಾರ್ಥಿಯ ಸ್ಥಿತಿ ಈ ಹೊಸ ಸೊಸೆಯದು. ಪದವಿ ತರಗತಿಯ ಹುಡುಗನಿಗೆ ಹತ್ತು ಮೇಷ್ಟ್ರು, ನೂರು ಸಹಪಾಠಿಗಳು. ಒಬ್ಬರು ಸರಿಯಿಲ್ಲದಿದ್ದರೆ ಇನ್ನೊಬ್ಬರ ಬಳಿ ಹೋದಾನು. ಪಿಎಚ್.ಡಿ. ವಿದ್ಯಾರ್ಥಿಗೆ ಇರುವುದು ಒಬ್ಬ ಮಾರ್ಗದರ್ಶಕರು, ಐದಾರು ವರ್ಷ. ಎಷ್ಟೋ ಸಲ ತಿಂಗಳ ಭತ್ಯೆ ಬರುವುದು ಅವರ ಯೋಜನೆಯ ಹಣದಿಂದ. ಮುಂದೆ ಕೆಲಸ ಸಿಗಬೇಕಾದರೆ ಬೇಕಾಗುವುದು ಅವರ ಶಿಫಾರಸು ಪತ್ರ. ಹೊರದೇಶದವರಾದರೆ ವೀಸಾ ಕೂಡ ಓದಿಗೆ ಗಂಟುಬಿದ್ದಿರುತ್ತದೆ. ಓದು ನಿಂತಿತೋ ದೇಶವನ್ನೇ ಬಿಡಬೇಕು. ಆ ಸಂಜೆ ಸಭಾಂಗಣದಲ್ಲಿ 'ನಿಮ್ಮ ದನಿ ನಮಗೆ ಮುಖ್ಯ' ಎಂದು ಬರೆದು ಹಾಕಿರಬಹುದು. ಆದರೆ ವಿದ್ಯಾರ್ಥಿಯ ದನಿ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಮಾರ್ಗದರ್ಶಕರ ಕೋಣೆಯ ಬಾಗಿಲು ಮುಚ್ಚಿದ ಮೇಲೆ. ಮೆಹಮಾನ್‌ಗಿರಿ ಮೂರು ದಿನದ್ದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಕಾರ್ಯಕ್ರಮಗಳು ಎಲ್ಲಿಂದ ಬಂದವು ಎಂಬುದನ್ನೂ ನೋಡಬೇಕು. ಅವು ಸೌಜನ್ಯವಾಗಿ ಹುಟ್ಟಿದ್ದಲ್ಲ, ಜಗಳವಾಗಿ ಹುಟ್ಟಿದವು. 1968ರ ನವೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು, ಅವರ ಜೊತೆ ಮೆಕ್ಸಿಕನ್, ಏಷ್ಯನ್ ಮೂಲದವರು, ಮೂಲನಿವಾಸಿಗಳು ತರಗತಿ ಬಿಟ್ಟು ಹೊರಬಂದರು. ಮುಷ್ಕರ 1969ರ ಮಾರ್ಚ್‌ವರೆಗೆ ನಡೆಯಿತು. ನೂರಾರು ಜನರ ಬಂಧನವಾಯಿತು. ಅವರು ಕೇಳಿದ್ದು ಸಮೋಸವನ್ನಲ್ಲ. ಸೀಟು ಕೇಳಿದರು, ಅಧ್ಯಾಪಕರ ಹುದ್ದೆ ಕೇಳಿದರು, ತಮ್ಮ ಜನರ ಚರಿತ್ರೆಯನ್ನು ಕಲಿಸುವ ವಿಭಾಗ ಕೇಳಿದರು. ಆ ವಿಭಾಗ ಅಲ್ಲಿ ಇಂದಿಗೂ ಇದೆ.

ಹತ್ತು ವರ್ಷದೊಳಗೆ ಮಾತಿನ ಧಾಟಿ ಬದಲಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವೈದ್ಯಕೀಯ ಕಾಲೇಜು 100 ಸೀಟುಗಳಲ್ಲಿ 16ನ್ನು ಅವಕಾಶವಂಚಿತ ಅಲ್ಪಸಂಖ್ಯಾತರಿಗೆ ತೆಗೆದಿರಿಸಿತ್ತು. (ಅಲ್ಲಿ ವೈದ್ಯಶಿಕ್ಷಣ ಪದವಿಯ ನಂತರದ್ದು.) ಸೀಟು ಸಿಗದ ಬಿಳಿಯ ಅರ್ಜಿದಾರ ಅಲನ್ ಬಕಿ ಕೋರ್ಟಿಗೆ ಹೋದ. 1978ರಲ್ಲಿ ಸುಪ್ರೀಂ ಕೋರ್ಟ್ ಆ 16 ಸೀಟುಗಳನ್ನು ರದ್ದುಮಾಡಿತು. ಜೊತೆಗೆ, ಪ್ರವೇಶದ ಹೊತ್ತಿಗೆ ಜನಾಂಗವನ್ನೂ ಒಂದು ಅಂಶವಾಗಿ ನೋಡಬಹುದು ಎಂದಿತು. ಯಾಕೆ ನೋಡಬಹುದು? ನ್ಯಾಯಮೂರ್ತಿ ಲೂಯಿಸ್ ಪೊವೆಲ್ ಕೊಟ್ಟ ಕಾರಣ ಹಳೆಯ ಅನ್ಯಾಯದ ಪರಿಹಾರವಲ್ಲ. ತರಗತಿಯಲ್ಲಿ ವೈವಿಧ್ಯವಿದ್ದರೆ ಎಲ್ಲರ ವಿದ್ಯಾಭ್ಯಾಸ ಚೆನ್ನಾಗಿ ನಡೆಯುತ್ತದೆ ಎಂಬುದು ಅವರ ತರ್ಕ.

ಈ ತರ್ಕ ನೋಡಲು ಒಳ್ಳೆಯದೇ. ಅದರಿಂದ ಸಾವಿರಾರು ಜನರಿಗೆ ಬಾಗಿಲು ತೆರೆದದ್ದೂ ನಿಜ. ಆದರೆ ಅದರೊಳಗೆ ಒಂದು ಮುಳ್ಳಿದೆ. ಹೊರಗೆ ಉಳಿದವನನ್ನು ಕರೆತಂದದ್ದು ಅವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದಲ್ಲ, ಒಳಗಿದ್ದವರ ತಿಳಿವಳಿಕೆ ಹೆಚ್ಚಲಿ ಎಂದು! ಅವನು ಓದಲು ಬಂದ ವಿದ್ಯಾರ್ಥಿಯಾಗುವುದರ ಜೊತೆಗೆ ಉಳಿದವರು ಓದುವ ಪುಸ್ತಕವೂ ಆದ.

'ಸವಲತ್ತಿನ ನಡಿಗೆ' ಎಂಬ ಆಟದಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಎಲ್ಲರೂ ಒಂದು ಗೆರೆಯ ಮೇಲೆ ಸಾಲಾಗಿ ನಿಲ್ಲಬೇಕು. ನಡೆಸುವವರು ಒಂದೊಂದೇ ಪ್ರಶ್ನೆ ಓದುತ್ತಾರೆ. ನಿಮ್ಮ ಅಪ್ಪ ಅಮ್ಮ ಕಾಲೇಜು ಓದಿದ್ದಾರೆಯೆ? ಒಂದು ಹೆಜ್ಜೆ ಮುಂದೆ. ಊಟಕ್ಕೆ ಇಲ್ಲದೆ ಮಲಗಿದ್ದುಂಟೆ? ಒಂದು ಹೆಜ್ಜೆ ಹಿಂದೆ. ಅರ್ಧ ಗಂಟೆಯಲ್ಲಿ ಕೋಣೆ ಎರಡು ಭಾಗವಾಗುತ್ತದೆ. ಮುಂದೆ ನಿಂತವರು ಹಿಂತಿರುಗಿ ನೋಡಿ ಬೆಚ್ಚುತ್ತಾರೆ, ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ. ಅವರಿಗೆ ಪಾಠವಾಯಿತು, ಸಂತೋಷ. ಹಿಂದೆ ನಿಂತವನಿಗೆ ಏನಾಯಿತು? ತಾನು ಎಲ್ಲಿ ನಿಂತಿದ್ದೇನೆ ಎಂಬುದು ಅವನಿಗೆ ಹುಟ್ಟಿದಂದಿನಿಂದ ಗೊತ್ತು. ಈಗ ಅದು ಪ್ರಯೋಗಾಲಯದ ಗೆಳೆಯರಿಗೂ ಗೊತ್ತಾಯಿತು. ಬಡತನವನ್ನು ಮುಚ್ಚಿಟ್ಟುಕೊಂಡು ತಲೆಯೆತ್ತಿ ನಡೆಯುವುದು ಕೂಡ ಒಂದು ಹಕ್ಕು. ಅದನ್ನು ಕಸಿದುಕೊಂಡು ಇನ್ನೊಬ್ಬರ ಕರುಣೆಯನ್ನು ಬೆಳೆಸುವುದು ಎಂಥ ನ್ಯಾಯ?

ಭಾರತದಿಂದ ಹೋದವರ ಪಾಡಿನಲ್ಲಿ ಇನ್ನೊಂದು ಸುತ್ತಿದೆ. ನಕಾಶೆಯ ಮೇಲೆ ಅವರೆಲ್ಲರದೂ ಒಂದೇ ಬಣ್ಣ. ಬೆಂಗಳೂರಿನ ಅಗ್ರಹಾರದ ಮಗನೂ ಕಲಬುರಗಿಯ ಪೌರಕಾರ್ಮಿಕರ ಮಗಳೂ ಅಲ್ಲಿ 'ದಕ್ಷಿಣ ಏಷ್ಯಾದವರು'. ಇಲ್ಲಿ ಯಾವ ಬಾಗಿಲೂ ಮುಚ್ಚದವನು ಅಲ್ಲಿ ವೈವಿಧ್ಯದ ಪ್ರತಿನಿಧಿಯಾಗಿ ಮಾತಾಡುತ್ತಾನೆ. ಮನೆತನದ ಹೆಸರು, ಊಟದ ಡಬ್ಬಿ, ಜನಿವಾರ ಇಂಥವನ್ನು ಹಿಡಿದು ಯಾರು ಯಾರೆಂದು ಪತ್ತೆಮಾಡುವ ಕಲೆ ವಿಮಾನದಲ್ಲೇ ಜೊತೆಗೆ ಬಂದಿರುತ್ತದೆ. ಇದನ್ನು ಕಂಡವರು ಸುಮ್ಮನಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ನಿಷೇಧದ ನಿಯಮಕ್ಕೆ ಜಾತಿಯನ್ನೂ ಸೇರಿಸಿತು. 2021ರಲ್ಲಿ ಹಾರ್ವರ್ಡ್‌ನ ಸ್ನಾತಕೋತ್ತರ ವಿದ್ಯಾರ್ಥಿ ನೌಕರರ ಸಂಘ ಆಡಳಿತದ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಆ ಶಬ್ದ ಬಂತು. 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ನಿಯಮದಲ್ಲೂ ಬಂತು. ವಿರೋಧವೂ ಜೋರಾಗಿಯೇ ಇತ್ತು. ಇಡೀ ಕ್ಯಾಲಿಫೋರ್ನಿಯಾ ರಾಜ್ಯಕ್ಕೆಂದು ಪಾಸಾದ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ 2023ರ ಅಕ್ಟೋಬರ್‌ನಲ್ಲಿ ಸಹಿ ಹಾಕಲಿಲ್ಲ.

ಹಾರ್ವರ್ಡ್‌ನ ಒಪ್ಪಂದದ ಆ ಒಂದು ಶಬ್ದಕ್ಕೆ ನಾವು ಹತ್ತು ಸಂಜೆಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇವೆ. ಅದನ್ನು ಬಡಿಸಿದವರು ಯಾರೂ ಇಲ್ಲ, ವಿದ್ಯಾರ್ಥಿಗಳೇ ಚೌಕಾಸಿ ಮಾಡಿ ಪಡೆದದ್ದು. ಅನ್ಯಾಯವಾದರೆ ದೂರು ಕೊಡಲು ಅದರಲ್ಲಿ ದಾರಿಯಿದೆ.

ಹಾಗಾದರೆ ಸಂಜೆಗಳು ದಂಡವೆ? ಅಷ್ಟು ಬೇಗ ಹಾಗೆನ್ನಲಾಗದು. ತನ್ನ ವಂಶದಲ್ಲೇ ಮೊದಲ ಬಾರಿಗೆ ಪಿಎಚ್.ಡಿ.ಗೆ ಬಂದ ಹುಡುಗಿ, ಇಡೀ ವಿಭಾಗದಲ್ಲಿ ತನ್ನ ಬಣ್ಣದವಳು ತಾನೊಬ್ಬಳೇ ಎಂದುಕೊಂಡಿದ್ದವಳು, ತಟ್ಟೆ ಹಿಡಿದು ನಿಂತಾಗ ಪಕ್ಕದ ವಿಭಾಗದ ಇನ್ನೊಬ್ಬಳನ್ನು ಕಾಣುತ್ತಾಳೆ. ಯಾವ ಪ್ರೊಫೆಸರ್ ಒಳ್ಳೆಯವರು, ಯಾರ ಹತ್ತಿರ ಸುಳಿಯಬಾರದು, ಭತ್ಯೆ ತಡವಾದರೆ ಯಾವ ಕಚೇರಿಗೆ ಹೋಗಬೇಕು ಎಂಬೆಲ್ಲ ಗುಟ್ಟುಗಳು ಕೈ ಬದಲಾಗುವುದು ಡೀನರ ಭಾಷಣದ ನಂತರ, ಮೂಲೆಯಲ್ಲಿ. ವಾಣಿಜ್ಯ ವಿಷಯಗಳಲ್ಲಿ ಕಪ್ಪು, ಹಿಸ್ಪಾನಿಕ್, ಮೂಲನಿವಾಸಿ ಅಧ್ಯಾಪಕರು ವಿರಳ ಎಂಬ ಕಾರಣಕ್ಕೆ 1994ರಲ್ಲಿ 'ಪಿಎಚ್.ಡಿ. ಪ್ರಾಜೆಕ್ಟ್' ಎಂಬ ಸಂಸ್ಥೆ ಹುಟ್ಟಿತು. ಅದು ಮಾಡಿದ್ದೂ ಮುಖ್ಯವಾಗಿ ಇದನ್ನೇ. ವರ್ಷಕ್ಕೊಂದು ಸಮ್ಮೇಳನ ಕರೆದು, ಡಾಕ್ಟರೇಟಿಗೆ ಹೋಗಬಯಸುವವರನ್ನು ಹೋಗಿ ಬಂದವರ ಜೊತೆ ಕೂರಿಸಿತು, ಆಮೇಲೂ ಕೈ ಬಿಡಲಿಲ್ಲ. ಆಗ 300ಕ್ಕಿಂತ ಕಡಿಮೆಯಿದ್ದ ಅಂಥ ಅಧ್ಯಾಪಕರ ಸಂಖ್ಯೆ ಮುಂದೆ ಸಾವಿರ ದಾಟಿತು.

ಬಾಗಿಲು ಮುಚ್ಚಲು ಹೊರಟವರ ಕಣ್ಣು ಬಿದ್ದದ್ದು ಇದರ ಮೇಲೆಯೇ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹಾರ್ವರ್ಡ್ ಪ್ರಕರಣದಲ್ಲಿ, ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದಿತು. ಟೆಕ್ಸಾಸ್‌ನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ 2024ರ ಜನವರಿ 1ರಿಂದ ವೈವಿಧ್ಯದ ಕಚೇರಿಗಳನ್ನು ಕಾನೂನೇ ನಿಷೇಧಿಸಿತು. 2025ರ ಜನವರಿಯಲ್ಲಿ ಟ್ರಂಪ್ ಆಡಳಿತ ಬಂದ ಮೇಲೆ ಅದೇ ದೇಶದ ನೀತಿಯಾಯಿತು. ಮಾರ್ಚ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ತನ್ನ ದೊಡ್ಡ ಕಚೇರಿಯನ್ನು ಮುಚ್ಚಿತು. ಅದೇ ತಿಂಗಳು 45 ವಿಶ್ವವಿದ್ಯಾಲಯಗಳ ಮೇಲೆ ಸರಕಾರ ತನಿಖೆ ಆರಂಭಿಸಿತು. ಅವುಗಳ ಮೇಲಿದ್ದ ಆರೋಪ, ಪಿಎಚ್.ಡಿ. ಪ್ರಾಜೆಕ್ಟ್ ಜೊತೆ ನಂಟು! ಹಲವು ವಿಶ್ವವಿದ್ಯಾಲಯಗಳು ನಂಟು ಕಡಿದುಕೊಂಡವು. ಬರಿಯ ಸಮೋಸದ ಸಂಜೆಗೆ ಯಾವ ಸರಕಾರವೂ ಇಷ್ಟು ಶ್ರಮ ತೆಗೆದುಕೊಳ್ಳುವುದಿಲ್ಲ.

ಆ ಮಾರ್ಚ್‌ನಲ್ಲಿ ರಮಝಾನ್ ಕೂಡ ಇತ್ತು. ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ, ಟರ್ಕಿಯ ರುಮೇಸಾ ಓಜ್ತುರ್ಕ್ 25ರ ಸಂಜೆ ಗೆಳೆಯರ ಜೊತೆ ಇಫ್ತಾರ್‌ಗೆಂದು ಹೊರಟಿದ್ದರು. ಮುಖ ಮುಚ್ಚಿಕೊಂಡ, ಸಮವಸ್ತ್ರವಿಲ್ಲದ ಅಧಿಕಾರಿಗಳು ಬೀದಿಯಲ್ಲೇ ಅವರ ಕೈ ಹಿಡಿದು ಬೇಡಿ ಹಾಕಿದರು. ಒಂದು ವರ್ಷದ ಹಿಂದೆ ಅವರು ಇನ್ನು ಮೂವರ ಜೊತೆ ಸೇರಿ ವಿದ್ಯಾರ್ಥಿ ಪತ್ರಿಕೆಗೆ ಒಂದು ಲೇಖನ ಬರೆದಿದ್ದರು. ಗಾಝಾದ ವಿಷಯದಲ್ಲಿ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಮಾತು ಕೇಳಬೇಕು ಎಂಬುದು ಅದರ ತಿರುಳು. ಲೂಸಿಯಾನಾದ ಬಂಧನ ಕೇಂದ್ರದಲ್ಲಿ ಆರು ವಾರ ಕಳೆದು, ಕೋರ್ಟಿನ ಆದೇಶದಿಂದ ಮೇ 9ರಂದು ಹೊರಬಂದರು. ಅವರ ವಿಶ್ವವಿದ್ಯಾಲಯ ಕೋರ್ಟಿನಲ್ಲಿ ಅವರ ಪರ ನಿಂತಿತು, ಅದನ್ನು ಹೇಳಲೇಬೇಕು. ಇಫ್ತಾರ್ ಕೂಟಕ್ಕೆ ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ಉಪ್ಪಿನ ಮಾತು ಎತ್ತಿದ್ದು ತಪ್ಪಾಯಿತು.

ದೂರದ ದೇಶದ ಕತೆ ಎಂದು ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಕಾಲೇಜುಗಳಲ್ಲೂ 'ಎಥ್ನಿಕ್ ಡೇ' ಇದೆ. ಆ ದಿನ ಲಂಬಾಣಿ ಉಡುಪಿಗೂ ಶೇರ್ವಾನಿಗೂ ಚಪ್ಪಾಳೆ. 2006ರ ಸಾಚಾರ್ ವರದಿ ನೋಡಿದರೆ, ದೇಶದ ಹೆಸರಾಂತ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರು. ಅಂಥವರು ಸಂಶೋಧನೆಗೂ ಬರಲಿ ಎಂದು 2009ರಲ್ಲಿ ಅಲ್ಪಸಂಖ್ಯಾತರಿಗೆ ಮೌಲಾನಾ ಆಝಾದ್ ಫೆಲೋಶಿಪ್ ಆರಂಭವಾಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಅದನ್ನು ನಿಲ್ಲಿಸಿದ್ದಾಗಿ ಲೋಕಸಭೆಗೆ ತಿಳಿಸಿತು. ಬೇರೆ ಯೋಜನೆಗಳಿವೆಯಲ್ಲ ಎಂಬುದು ಕಾರಣ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ರೋಹಿತ್ ವೇಮುಲ 2016ರ ಜನವರಿ 17ರಂದು ಪ್ರಾಣ ಬಿಟ್ಟಾಗ ಅವರಿಗೆ ಏಳು ತಿಂಗಳ ಫೆಲೋಶಿಪ್ ಬಾಕಿಯಿತ್ತು. ಹಾಸ್ಟೆಲಿನಿಂದ ಹೊರಹಾಕಿಸಿಕೊಂಡು ಕ್ಯಾಂಪಸ್ಸಿನ ಬಯಲಲ್ಲೇ ಗೆಳೆಯರ ಜೊತೆ ಮಲಗುತ್ತಿದ್ದರು.

ಬಹಳ ಹಿಂದೆ, 1913ರಲ್ಲಿ, ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಪಡೆದು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ವಿದ್ಯಾರ್ಥಿಯೊಬ್ಬರಿದ್ದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಡಾ. ಅಂಬೇಡ್ಕರ್ ಅವರಿಗೆ ಅಲ್ಲಿ ವೈವಿಧ್ಯದ ಸಂಜೆ ಯಾರೂ ಏರ್ಪಡಿಸಲಿಲ್ಲ. ಗ್ರಂಥಾಲಯವಿತ್ತು, ಜಾನ್ ಡೀವಿ, ಸೆಲಿಗ್ಮನ್‌ರಂಥ ಗುರುಗಳಿದ್ದರು, ಹಾಸ್ಟೆಲಿನಲ್ಲಿ ಜೊತೆಗೆ ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯನಿದ್ದ. ಸ್ಕಾಲರ್‌ಶಿಪ್ಪಿನ ಕರಾರಿನಂತೆ 1917ರಲ್ಲಿ ಬರೋಡಾ ಸರಕಾರದ ಕೆಲಸಕ್ಕೆ ಬಂದರು. ಹುದ್ದೆ ಸಿದ್ಧವಿತ್ತು, ಉಳಿಯಲು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಮಂದಿ ಬಂದು, ಸಂಜೆಯೊಳಗೆ ಖಾಲಿ ಮಾಡು ಎಂದರು. ಊರಿನಲ್ಲಿದ್ದ ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ ಇಬ್ಬರೂ ನೆಪ ಹೇಳಿದರು. ಮುಂಬಯಿಯ ರೈಲು ರಾತ್ರಿ ಒಂಬತ್ತಕ್ಕೆ. ಅಲ್ಲಿಯವರೆಗೆ ಅವರು ಊರ ಅಂಚಿನ ಕಮಾಟಿ ಬಾಗ್ ಉದ್ಯಾನದಲ್ಲಿ ಕುಳಿತಿದ್ದರು.