ಧ್ಯಾನಕಾಲದಲ್ಲಿ ನಾದವೋ ಮೌನವೋ?

ಕೊಡಗಿನ ನಮ್ಮ ಆಸ್ತಿಕ ಬಂಧುಗಳಲ್ಲಿ ಈಚೆಗೆ ಒಂದು ಜಿಜ್ಞಾಸೆ ಎದ್ದಿದೆ. ಜಪ-ಧ್ಯಾನಗಳಿಗೆ ಕುಳಿತಾಗ ಸಂಪೂರ್ಣ ನಿಶ್ಶಬ್ದವಿರಬೇಕೆ, ಅಥವಾ ಹಿನ್ನೆಲೆಯಲ್ಲಿ ಮಂದವಾದ ನಾದವಿದ್ದರೆ ಬಾಧಕವಿಲ್ಲವೆ ಎಂಬುದೇ ಅದು. ತರುಣರು ಮೊಬೈಲಿನಲ್ಲಿ ಕೊಳಲನ್ನೋ, ತಂಬೂರಿಯ ಶ್ರುತಿಯನ್ನೋ, ಮಳೆಯ ಸದ್ದನ್ನೋ ಹಚ್ಚಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಹಿರಿಯರು ಅದನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ. (ಕಕ್ಕಡದ ದಿನಗಳಲ್ಲಿ ಹೆಂಚಿನ ಮೇಲೆ ಸಾಕ್ಷಾತ್ ವರುಣನೇ ಸುರಿಯುತ್ತಿರುವಾಗ ಯಂತ್ರದಿಂದ ಮಳೆಯನ್ನು ತರಿಸಿಕೊಳ್ಳುವುದು ನಮಗೂ ತುಸು ನಗೆ ತರಿಸಿತು.) ಉಭಯಪಕ್ಷದವರೂ ಶಾಸ್ತ್ರಸಮ್ಮತಿಯನ್ನು ಕೇಳಿರುವುದರಿಂದ ಯಥಾಮತಿ ವಿಚಾರಿಸೋಣ.

ಧ್ಯಾನಕ್ಕೆ ತಕ್ಕ ಸ್ಥಳವು ಹೇಗಿರಬೇಕೆಂಬುದನ್ನು ಶ್ವೇತಾಶ್ವತರೋಪನಿಷತ್ತಿನ ಎರಡನೆಯ ಅಧ್ಯಾಯವು ತಿಳಿಸುತ್ತದೆ. ನೆಲವು ಸಮವಾಗಿ ಶುಚಿಯಾಗಿರಬೇಕು. ಹರಳು, ಬೆಂಕಿ, ಮರಳುಗಳಿರಬಾರದು. ಕಣ್ಣಿಗೆ ಪೀಡೆಯಾಗದೆ ಮನಸ್ಸಿಗೆ ಅನುಕೂಲವಾಗಿರಬೇಕು. ಇವುಗಳ ನಡುವೆ ಶಬ್ದ, ಜಲ, ಆಶ್ರಯ ಎಂಬ ಮೂರು ಪದಗಳು ಬಂದಿವೆ. ಅವನ್ನು ಹಿಂದಿನ ಮಾತಿನೊಡನೆ ಅನ್ವಯಿಸಿದರೆ ಶಬ್ದಾದಿಗಳಿಲ್ಲದ ಸ್ಥಳವೆಂಬ ಅರ್ಥ ಬರುತ್ತದೆ. ಮುಂದಿನ ಮಾತಿನೊಡನೆ ಅನ್ವಯಿಸಿದರೆ ಅವುಗಳಿಂದಲೇ ಮನಸ್ಸಿಗೆ ಹಿತವಾದ ಸ್ಥಳವೆಂಬ ಅರ್ಥ ಬರುತ್ತದೆ. ಎರಡು ಬಗೆಯಾಗಿಯೂ ಅರ್ಥ ಹೇಳಿದವರುಂಟು. ಮೊದಲನೆಯ ಅರ್ಥದಲ್ಲಿ ಶಬ್ದವೆಂದರೆ ಕಲಹ-ಗದ್ದಲ. ಎರಡನೆಯದರಲ್ಲಿ ನೀರು ಹರಿಯುವ, ಎಲೆಗಳು ಅಲುಗುವ ಸಹಜಧ್ವನಿ. ಭಾಗಮಂಡಲದ ಸಂಗಮದಲ್ಲಿ ಜನರಿಲ್ಲದ ಮುಂಜಾನೆ ಕುಳಿತವನಿಗೆ ಎರಡನೆಯ ಅರ್ಥವು ಸಹಜವಾಗಿ ಹೊಳೆದೀತು. ತುಲಾಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಯ ಜನಸಂದಣಿಯಲ್ಲಿ ನಿಂತವನು ಮೊದಲನೆಯದನ್ನೇ ಒಪ್ಪಿಯಾನು.

ಬ್ರಹ್ಮಸೂತ್ರಗಳ ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ವಿಷಯವು ಇನ್ನಷ್ಟು ನೇರವಾಗಿ ಬಂದಿದೆ. ಕುಳಿತುಕೊಂಡೇ ಧ್ಯಾನಿಸತಕ್ಕದ್ದೆಂದು ಹೇಳಿದ ಸೂತ್ರಕಾರರು, ಎಲ್ಲಿ ಚಿತ್ತವು ಏಕಾಗ್ರವಾಗುವುದೋ ಅಲ್ಲಿಯೇ ಧ್ಯಾನಿಸಬಹುದು, ಸ್ಥಳದಲ್ಲಿ ಬೇರೆ ವಿಶೇಷನಿಯಮವಿಲ್ಲವೆಂದು ನಿರ್ಣಯಿಸಿದರು. ಆದುದರಿಂದ ಹಿನ್ನೆಲೆಯ ನಾದವನ್ನು ಮಹಾಪರಾಧವೆಂದು ಮೊಮ್ಮಕ್ಕಳನ್ನು ಗದರಿಸಲು ಹಿರಿಯರಿಗೆ ಇಲ್ಲಿ ಆಧಾರವು ಸಿಗುವುದಿಲ್ಲ.

ಆದರೆ ಏಕಾಗ್ರತೆ ಯಾವುದರಲ್ಲಿ? ಇದೇ ಮುಖ್ಯವಾದ ಪ್ರಶ್ನೆ. ಮನಸ್ಸು ತಣ್ಣಗಾಗುವುದನ್ನೇ ಧ್ಯಾನವೆಂದು ಕರೆಯುವ ರೂಢಿ ಇಂದು ಬೆಳೆದಿದೆ. ಹಾಗೆ ತಣ್ಣಗಾಗಲು ಕೊಳಲೂ ಸಾಕು, ಒಂದು ಲೋಟ ಬಿಸಿ ಕಾಫಿಯೂ ಸಾಕು. ಶ್ರೀಮದಾಚಾರ್ಯರ ಮತದಲ್ಲಿ ಧ್ಯಾನವೆಂಬುದು ಮನಸ್ಸನ್ನು ಬರಿದುಮಾಡುವ ಕ್ರಿಯೆಯಲ್ಲ. ಸರ್ವೋತ್ತಮನಾದ ಶ್ರೀಹರಿಯನ್ನು ಗುಣಪೂರ್ಣನೆಂದೂ ದೋಷದೂರನೆಂದೂ ನಮ್ಮ ಬಿಂಬನೆಂದೂ ಎಡೆಬಿಡದೆ ಸ್ಮರಿಸುವುದೇ ಧ್ಯಾನ. ಅದಕ್ಕೆ ಮೊದಲು ಶ್ರವಣ, ಮನನಗಳು ಆಗಿರಬೇಕು. ಕೇಳದವನು ಯಾವ ಗುಣವನ್ನು ನೆನೆದಾನು? ಅನುವ್ಯಾಖ್ಯಾನದಲ್ಲಿ ಆಚಾರ್ಯರು ಉಪಾಸನೆಯು ಎರಡು ವಿಧವೆಂದಿದ್ದಾರೆ: ಶಾಸ್ತ್ರಾಭ್ಯಾಸರೂಪವಾದುದು ಒಂದು, ಧ್ಯಾನರೂಪವಾದುದು ಇನ್ನೊಂದು. ಮೊದಲನೆಯದು ಗುರುಮುಖದಿಂದ ಕೇಳಿ, ಬಾಯಿಂದ ಹೇಳಿ ನಡೆಯುವ ಶಬ್ದದ ಕಾರ್ಯವೇ ಆಗಿದೆ. ಹೀಗಾಗಿ ಶಬ್ದವು ನಮಗೆ ಶತ್ರುವಲ್ಲ. ಅರ್ಥವಿಲ್ಲದ ಶಬ್ದಕ್ಕೆ ಧ್ಯಾನದಲ್ಲಿ ಕೆಲಸವಿಲ್ಲ, ಅಷ್ಟೆ.

ಜಪದ ವಿಷಯದಲ್ಲಿಯೂ ಹೀಗೆಯೇ. ಪಕ್ಕದವರಿಗೆ ಕೇಳಿಸುವಂತೆ ಮಾಡುವುದು ವಾಚಿಕ. ತುಟಿ ಮಾತ್ರ ಅಲುಗುವುದು ಉಪಾಂಶು. ಒಳಗೊಳಗೇ ನಡೆಯುವುದು ಮಾನಸ. ವಿಧಿಯಜ್ಞಕ್ಕಿಂತ ಜಪಯಜ್ಞವು 10 ಪಟ್ಟು, ಉಪಾಂಶುವು 100 ಪಟ್ಟು, ಮಾನಸವು 1000 ಪಟ್ಟು ಮಿಗಿಲೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ಎಣಿಸಿದೆ. ಮೌನಕ್ಕೆ ಹಿರಿಮೆಯುಂಟು, ಸರಿ; ಆದರೆ ಮೆಟ್ಟಿಲು ಹತ್ತದೆ ಅಟ್ಟ ಸೇರಿದವರಿಲ್ಲ.

ಈ ಎರಡರ ಸ್ಥಾನವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ನಮ್ಮ ದೇವಾಲಯಗಳಲ್ಲಿ ನೈವೇದ್ಯದ ಹೊತ್ತನ್ನು ಗಮನಿಸಿದರೆ ಸಾಕು. ಗರ್ಭಗುಡಿಯ ಬಾಗಿಲು ಮುಚ್ಚುತ್ತದೆ. ಒಳಗೆ ಅರ್ಚಕರು ಮುದ್ರೆಗಳನ್ನು ತೋರಿಸಿ ಮನಸ್ಸಿನಲ್ಲಿಯೇ ಅನುಸಂಧಾನ ಮಾಡುತ್ತ ಅನ್ನವನ್ನು ಸಮರ್ಪಿಸುತ್ತಾರೆ. ಹೊರಗೆ ಅದೇ ಹೊತ್ತಿನಲ್ಲಿ ಭಕ್ತರು ಆಚಾರ್ಯರ ದ್ವಾದಶಸ್ತೋತ್ರವನ್ನು ರಾಗವಾಗಿ ಹೇಳುತ್ತಾರೆ. ಒಳಗಿನ ಮೌನಕ್ಕೆ ಹೊರಗಿನ ಧ್ವನಿಯಿಂದ ಭಂಗ ಬಂತೆಂದು ಯಾವ ಅರ್ಚಕರೂ ದೂರಿದ್ದನ್ನು ನಾವು ಕೇಳಿಲ್ಲ. ಹೊರಗೆ ಹಾಡುವವರೂ ಒಳಗೆ ಧ್ಯಾನಿಸುವವರೂ ಒಬ್ಬನೇ ಸ್ವಾಮಿಯ ಕಡೆಗೆ ಮುಖ ಮಾಡಿರುವರಷ್ಟೆ.

ದಾಸವರೇಣ್ಯರೂ ಈ ದಾರಿಯನ್ನೇ ತೋರಿದರು. ಶ್ರೀಪುರಂದರದಾಸರು ತಂಬೂರಿ ಮೀಟಿ ಬೀದಿಯಲ್ಲಿ ಹಾಡಿದರು. ಶ್ರೀವಿಜಯದಾಸರ ಸುಳಾದಿಗಳಲ್ಲಿ ಭಗವದ್ರೂಪಗಳ ವಿವರ ತುಂಬಿದೆ. ಅವನ್ನು ಹಾಡಿ ಮುಗಿಸಿ ಸುಮ್ಮನೆ ಕುಳಿತವನಿಗೆ ಧ್ಯಾನಿಸಲು ಬೇಕಾದ ಸಾಮಗ್ರಿಯೆಲ್ಲ ಕೈಯಲ್ಲಿರುತ್ತದೆ. ಇಲ್ಲೊಂದು ಎಚ್ಚರಿಕೆ. ದಾಸರ ಪದವನ್ನು ಯಂತ್ರದಲ್ಲಿ ಹಚ್ಚಿ, ಅದು ನಡೆಯುತ್ತಿರುವಂತೆಯೇ ಅಷ್ಟಾಕ್ಷರವನ್ನೋ ಗಾಯತ್ರಿಯನ್ನೋ ಜಪಿಸುವವರಿದ್ದಾರೆ. ಕೊಳಲಿಗಿಂತ ಇದು ಸಾತ್ತ್ವಿಕವೆಂದು ಅವರ ಭಾವನೆ. ನಮಗೆ ಹಾಗೆ ತೋರುವುದಿಲ್ಲ. ಕಿವಿಯಲ್ಲಿ ಒಂದು ಅರ್ಥ, ನಾಲಗೆಯಲ್ಲಿ ಇನ್ನೊಂದು ಅರ್ಥವಾದರೆ ಮನಸ್ಸು ಎರಡನ್ನೂ ಬಿಟ್ಟು ಅಡುಗೆಮನೆಗೋ ಕಾಫಿತೋಟಕ್ಕೋ ಹೋಗುತ್ತದೆ. ಪದವನ್ನು ಪದದ ಹೊತ್ತಿನಲ್ಲಿ ಕೇಳತಕ್ಕದ್ದು. ಮಂತ್ರಕ್ಕೆ ಕುಳಿತಾಗ ಯಂತ್ರವನ್ನು ನಿಲ್ಲಿಸತಕ್ಕದ್ದು.

ಇಷ್ಟನ್ನು ಪ್ರವಚನದಲ್ಲಿ ಹೇಳಿ ಮುಗಿಸಿದಾಗ ವೃದ್ಧೆಯಾದ ತಾಯಿಯೊಬ್ಬರು ಕೇಳಿದ ಮಾತು ನಮ್ಮನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಜರಿದು ಮನೆ-ತೋಟಗಳು ಕೊಚ್ಚಿಹೋದುದನ್ನೂ, 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯ ಮಣ್ಣು ಕುಸಿದು ತಲಕಾವೇರಿಯ ಅರ್ಚಕರ ಮನೆಯೇ ಹೂತುಹೋದುದನ್ನೂ ಬಲ್ಲವರು ಅವರು. “ಮಳೆಗಾಲದ ರಾತ್ರಿ ಸುಮ್ಮನೆ ಕುಳಿತರೆ ಕಿವಿಯು ಗುಡ್ಡದ ಸದ್ದನ್ನೇ ಕಾಯುತ್ತದೆ ಆಚಾರ್ಯರೇ, ದೇವರು ನೆನಪಾಗುವುದಿಲ್ಲ. ಮೊಮ್ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೊಳಲು ಹಾಕಿಕೊಡುತ್ತಾನೆ. ಆಗ ನಾಲ್ಕು ನಾಮ ಹೇಳಲಾಗುತ್ತದೆ. ಇದು ದೋಷವೇ?” ಎಂದರು.

ದೋಷವಿಲ್ಲವೆಂದೇ ಹೇಳಿದೆವು. ಭಯಪಟ್ಟವರಿಗೆ ಮೌನವು ಏಕಾಂತವಾಗುವುದಿಲ್ಲ. ಅವರಿಗೆ ಮೌನವೇ ದೊಡ್ಡ ಗದ್ದಲ. ಮಳೆಯ ಸದ್ದು ಬೆಂಗಳೂರಿನ ಮಕ್ಕಳಿಗೆ ಜೋಗುಳವಾದರೆ ಇಲ್ಲಿನ ಕೆಲವು ಮನೆಗಳಿಗೆ ಹಾಗಲ್ಲ. ಆದರೂ ಇಳಿಜಾರಿನ ಕೆಳಗೆ ಮನೆಯಿದ್ದವರು ಅಂತಹ ರಾತ್ರಿ ಕಿವಿಯನ್ನು ಮುಚ್ಚಿಕೊಳ್ಳುವುದು ನಮಗೆ ಸಮ್ಮತವಲ್ಲ. ಜಾಗ ಬಿಡಿರೆಂದು ಸೂಚನೆ ಬಂದರೆ ಜಪಮಾಲೆಯನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದುಹೋಗತಕ್ಕದ್ದು. ಉಳಿದ ಸಂಖ್ಯೆಯನ್ನು ಸುರಕ್ಷಿತವಾದ ಸ್ಥಳದಲ್ಲಿ ಪೂರೈಸಬಹುದು. ಆದುದರಿಂದ ಆ ತಾಯಿಗೆ ಹೇಳಿದುದು ಇಷ್ಟು: ಕಿವಿಯದನ್ನು ತೆಗೆದಿಡಿ, ದೇವರ ಮುಂದೆ ದೀಪ ಹಚ್ಚಿ, ಚಿಕ್ಕಂದಿನಿಂದ ಬಾಯಿಗೆ ಬರುವ ಶ್ರೀವಾದಿರಾಜರ ಲಕ್ಷ್ಮೀಶೋಭಾನೆಯನ್ನು ಗಟ್ಟಿಯಾಗಿ ಹೇಳಿರಿ. ನಿಮ್ಮದೇ ಧ್ವನಿ ನಿಮಗೆ ಜೊತೆಯಾಗಲಿ. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಗುಡ್ಡದ ಕಡೆಗೆ ಅವನು ಕಿವಿಗೊಟ್ಟಿರಲಿ, ನಡುನಡುವೆ ಪಲ್ಲವಿಗೆ ದನಿಗೂಡಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥