ಕೂಲಿಗೆ ಬರೆದ ಸಾಲು

ಎರಡು ವರ್ಷದ ಹಿಂದೆ ನನ್ನ ಫೆಲೋಶಿಪ್ ಹಣ ಐದು ತಿಂಗಳು ಬರಲಿಲ್ಲ. ಆಗ ಬೆಂಗಳೂರಿನ ಒಂದು ಜಾಹೀರಾತು ಸಂಸ್ಥೆಗೆ ಕನ್ನಡದ ಸಾಲುಗಳನ್ನು ಬರೆದುಕೊಡುತ್ತಿದ್ದೆ. ಅವರು ಇಂಗ್ಲಿಷಿನಲ್ಲಿ ಒಂದು ಸಾಲು ಕಳಿಸುತ್ತಿದ್ದರು. ಅದು ಕನ್ನಡದಲ್ಲಿ ಮನೆಯವರೇ ಆಡಿದ ಮಾತಿನ ಹಾಗೆ ಕೇಳಬೇಕು, ಅಷ್ಟೇ ಷರತ್ತು. ಸಾಲಿಗೆ 800 ರೂಪಾಯಿ. ನನ್ನ ಸಂಶೋಧನೆ ಹಳಗನ್ನಡ ಕಾವ್ಯ ಮತ್ತು ರಾಜಾಶ್ರಯದ ಮೇಲೆ. ಹಗಲು ಪಂಪ, ರಾತ್ರಿ ಸೋಪು, ಸಿಮೆಂಟು, ಚಿನ್ನದ ಮೇಲಿನ ಸಾಲ.

ನಾನು ಬರೆದದ್ದರಲ್ಲಿ ಎಲ್ಲರಿಗೂ ಹಿಡಿಸಿದ್ದು ಆ ಚಿನ್ನದ ಸಾಲದ ಸಾಲು: ‘ಚಿನ್ನ ನಿಮ್ಮದೇ, ಚಿಂತೆ ನಮ್ಮದು.’ ಪ್ರಾಸ ಇದೆ, ತೂಕ ಇದೆ, ಬಾಯಲ್ಲಿ ನಿಲ್ಲುತ್ತದೆ. ಬರೆದ ರಾತ್ರಿ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ನಡೆದದ್ದನ್ನು ಹೇಳುವ ಮೊದಲು ಇಂಗ್ಲೆಂಡಿನ ಒಬ್ಬ ಲೇಖಕಿಯ ವಿಷಯ ಹೇಳಬೇಕು. ಈ ಪ್ರಶ್ನೆಯನ್ನು ನನಗಿಂತ ಬಹಳ ಹೆಚ್ಚು ಕಾಲ ಹೊತ್ತು ತಿರುಗಿದವಳು ಅವಳು.

ಫೇ ವೆಲ್ಡನ್ ಹುಟ್ಟಿದ್ದು 1931ರಲ್ಲಿ, ತೀರಿಕೊಂಡದ್ದು 2023ರಲ್ಲಿ. ಬಾಲ್ಯ ಕಳೆದದ್ದು ನ್ಯೂಜಿಲೆಂಡಿನಲ್ಲಿ, ಓದಿದ್ದು ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನಲ್ಲಿ. 1950ರ ದಶಕದಲ್ಲಿ ಒಬ್ಬಂಟಿಯಾಗಿ ಮಗನನ್ನು ಸಾಕುತ್ತಾ ಜಾಹೀರಾತಿಗೆ ಬಂದಳು. ಆಸೆಯಿಂದಲ್ಲ, ಬಾಡಿಗೆ ಕಟ್ಟಬೇಕಿತ್ತು. ಬ್ರಿಟನ್ನಿನ ಮೊಟ್ಟೆ ಮಂಡಳಿಗಾಗಿ, ಮೊಟ್ಟೆ ತಿಂದು ಕೆಲಸಕ್ಕೆ ಹೊರಡಿ ಎಂಬ ಅರ್ಥದ ಘೋಷವಾಕ್ಯವೊಂದು ಆಗ ಮನೆಮಾತಾಯಿತು. ಜನ ಅದನ್ನು ಅವಳ ಹೆಸರಿಗೇ ಅಂಟಿಸಿದರು. ತಾನು ಆ ತಂಡವನ್ನು ನಡೆಸುತ್ತಿದ್ದವಳು, ಸಾಲು ತನ್ನೊಬ್ಬಳದೇ ಅಲ್ಲ ಎಂಬ ಧಾಟಿಯಲ್ಲಿ ಅವಳು ತಿದ್ದಿದರೂ ಕೇಳಿದವರು ಕಡಿಮೆ. ಜಾಹೀರಾತಿನ ಕೆಳಗೆ ಬರೆದವರ ಹೆಸರು ಇರುವುದಿಲ್ಲವಲ್ಲ, ಹಾಗಾಗಿ ಅದು ಯಾರ ತಲೆಗೆ ಬೇಕಾದರೂ ಕಟ್ಟಬಹುದಾದ ಪೇಟ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊಟ್ಟೆಯಲ್ಲ, ವೋಡ್ಕಾ. ವೋಡ್ಕಾ ಕುಡಿದರೆ ಬೇರೆಯದಕ್ಕಿಂತ ಬೇಗ ಅಮಲೇರುತ್ತದೆ ಎಂದು ಹೇಳುವ ಒಂದು ಸಾಲನ್ನು ಅವಳು ಸೂಚಿಸಿದ್ದಳಂತೆ. ಬೇಗ ಅಮಲೇರಬೇಕು ಎನ್ನುವವರಿಗೆ ಅದು ತಿಳಿದಿರಲಿ ಎನ್ನುವುದು ಅವಳ ವಾದ. ಮೇಲಿನವರು ಅದನ್ನು ಬೇಡವೆಂದರು. ಈ ಕಥೆಯನ್ನು ಎಲ್ಲರೂ ನಗಿಸಲು ಹೇಳುತ್ತಾರೆ. ನನಗೆ ಮಾತ್ರ ಇದು ನಗುವ ವಿಷಯ ಎನಿಸಲಿಲ್ಲ. ಕುಡಿಯುವವನು ಅಂಗಡಿಗೆ ಏಕೆ ಹೋಗುತ್ತಾನೆ ಎನ್ನುವುದನ್ನು ಆ ಸಾಲು ಇದ್ದಂತೆ ಹೇಳಿಬಿಟ್ಟಿತು, ಅದೇ ಅದರ ತಪ್ಪು. ಇದೇ ಮಾತನ್ನು ನಾಟಕದ ಪಾತ್ರವೊಂದು ಆಡಿದ್ದರೆ ಚೆನ್ನಾಗಿ ಬರೆದಿದ್ದಾಳೆ ಎನ್ನುತ್ತಿದ್ದೆವು.

ಅವಳು ಅಲ್ಲಿಗೂ ಹೋದಳು. ಟೆಲಿವಿಷನ್ ನಾಟಕಗಳನ್ನು ಬರೆದಳು, ರಂಗಕ್ಕೆ ಬರೆದಳು. 1967ರ ಮೊದಲ ಕಾದಂಬರಿ ಹುಟ್ಟಿದ್ದೇ ಒಂದು ಟೆಲಿವಿಷನ್ ನಾಟಕದಿಂದ. 1971ರಲ್ಲಿ ‘ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್’ ಧಾರಾವಾಹಿ ಶುರುವಾದಾಗ ಮೊದಲ ಕಂತಿನ ಚಿತ್ರಕಥೆ ಅವಳದು. ಲಂಡನ್ನಿನ ಶ್ರೀಮಂತರ ಮನೆಗೆ ಕೆಲಸ ಕೇಳಿಕೊಂಡು ಒಬ್ಬ ಹುಡುಗಿ ಬರುತ್ತಾಳೆ. ಬರುವುದು ಮುಂಬಾಗಿಲಿಗೆ, ಹೇಳಿಕೊಳ್ಳುವುದು ಕ್ಲೆಮೆನ್ಸ್ ಎಂಬ ಠೀವಿಯ ಹೆಸರು. ಮನೆಯೊಡತಿಗೆ ಅದು ಕೆಲಸದವರಿಗೆ ಒಪ್ಪುವ ಹೆಸರಲ್ಲ. ಇನ್ನು ಮೇಲೆ ನೀನು ಸಾರಾ ಎನ್ನುತ್ತಾಳೆ. ಸಂಬಳ ಕೊಡುವವರು ಹೆಸರನ್ನೂ ಇಡುತ್ತಾರೆ. ವರ್ಷಗಟ್ಟಲೆ ಬೇರೆಯವರ ಸರಕಿಗೆ ಮಾತು ಕೂಡಿಸಿದವಳಿಗೆ ಈ ದೃಶ್ಯ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಒಡತಿ ಆಡುವ ಮಾತಿಗೆ ಎದುರಲ್ಲೇ ಒಬ್ಬಳು ನಿಂತಿದ್ದಾಳೆ. ಅವಳ ಮುಖ ನಮಗೆ ಕಾಣುತ್ತದೆ. ಆ ಹುಡುಗಿ ಸುಮ್ಮನಿದ್ದರೂ ಅದೂ ಒಂದು ಉತ್ತರವೇ.

ಕೂಲಿಗೆ ಬರೆದದ್ದು ಹುಸಿ, ಸ್ವಂತಕ್ಕೆ ಬರೆದದ್ದು ದಿಟ ಎಂದು ನಾನು ಮೊದಲು ಲೆಕ್ಕ ಹಾಕಿಕೊಂಡಿದ್ದೆ. ಆ ಲೆಕ್ಕ ನಿಲ್ಲುವುದಿಲ್ಲ. ಚಿತ್ರಕಥೆಗೂ ಅವಳಿಗೆ ಹಣ ಬಂದಿದೆ. ನಮ್ಮಲ್ಲಿ ಇದಕ್ಕೆ ಸಾವಿರ ವರ್ಷ ಹಳೆಯ ಸಾಕ್ಷಿಯೇ ಇದೆ. ಪಂಪ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದು ‘ವಿಕ್ರಮಾರ್ಜುನ ವಿಜಯ’ ಬರೆದ. ಅರಿಕೇಸರಿಯನ್ನೇ ಅರ್ಜುನ ಮಾಡಿದ. ರಾಜನ ಬಿರುದುಗಳನ್ನೆಲ್ಲ ಮಹಾಭಾರತದ ವೀರನಿಗೆ ತೊಡಿಸಿದ. ಪಾಂಡವರ ಅರ್ಜುನನನ್ನು ‘ಸಾಮಂತ ಚೂಡಾಮಣಿ’ ಎಂದು ಕರೆದರೆ ವ್ಯಾಸರು ಏನೆನ್ನುತ್ತಿದ್ದರೋ! ದ್ರೌಪದಿ ಐವರಿಗಲ್ಲ, ಅರ್ಜುನನೊಬ್ಬನಿಗೇ ಹೆಂಡತಿ. ಕೊನೆಗೆ ಪಟ್ಟ ಕಟ್ಟಿಸಿಕೊಳ್ಳುವವರು ಅರ್ಜುನ ಮತ್ತು ಸುಭದ್ರೆ. ಪ್ರತಿಫಲವಾಗಿ ಕವಿಗೆ ಧರ್ಮವುರದ ಅಗ್ರಹಾರ ಸಿಕ್ಕಿತು. ಇವತ್ತಿನ ಭಾಷೆಯಲ್ಲಿ ಇದನ್ನು ಏನೆನ್ನುತ್ತಾರೆ ಎಂದು ನನ್ನ ಮಾರ್ಗದರ್ಶಕರ ಹತ್ತಿರ ಒಮ್ಮೆ ಬಾಯಿ ಬಿಟ್ಟು ಹೇಳಿ ಬೈಸಿಕೊಂಡಿದ್ದೇನೆ.

ಇನ್ನೊಂದು ತುದಿಯಲ್ಲಿ ಹರಿಹರನಿದ್ದಾನೆ. ಹೊಯ್ಸಳರ ಕರಣಿಕನ ಕೆಲಸ ಬಿಟ್ಟು ಹಂಪೆಗೆ ಹೋದವನು, ನರರನ್ನು ಹೊಗಳುವುದಿಲ್ಲ ಎಂದವನು. ಅಳಿಯ ರಾಘವಾಂಕ ಹರಿಶ್ಚಂದ್ರನ ಮೇಲೆ ಕಾವ್ಯ ಬರೆದದ್ದಕ್ಕೆ ಅವನ ಹಲ್ಲು ಉದುರಿಸಿದನೆಂದೂ ಕಥೆಯಿದೆ. ತರಗತಿಯಲ್ಲಿ ನಾವೆಲ್ಲ ಹರಿಹರನ ಪಕ್ಷ. ಆದರೆ ಮನೆಗೆ ಬಂದು ತೆರೆಯುವುದು ಪಂಪನನ್ನು. ಏಕೆಂದರೆ ಅಷ್ಟೆಲ್ಲ ಬಿರುದು ಹೊತ್ತ ಅರ್ಜುನ ನಮ್ಮ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಕರ್ಣ ನಿಲ್ಲುತ್ತಾನೆ. ರಾಜನನ್ನು ಮೆರೆಸಲು ಕಟ್ಟಿದ ಚಪ್ಪರದಲ್ಲಿ ಕವಿ ರಾಜನ ಎದುರಾಳಿಗೆ ಮಾತಾಡಲು ಜಾಗ ಬಿಟ್ಟ. ಆ ಎದುರಾಳಿ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ ಹಣ ಕೊಟ್ಟವನು ಮಸುಕಾದ. ಅರಿಕೇಸರಿಗೆ ಇದು ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದನೋ. ಸುಮ್ಮನಿದ್ದಿದ್ದರೆ ಅವನು ಒಳ್ಳೆಯ ಯಜಮಾನ.

ವೆಲ್ಡನ್‌ಳಿಗೂ ಅಂಥ ಒಬ್ಬ ಯಜಮಾನ ಸಿಕ್ಕಿತ್ತು. 2001ರಲ್ಲಿ ಅವಳ ‘ದ ಬುಲ್ಗರಿ ಕನೆಕ್ಷನ್’ ಕಾದಂಬರಿ ಬಂತು. ಆಭರಣ ಕಂಪನಿ ಬುಲ್ಗರಿ ದುಡ್ಡು ಕೊಟ್ಟು ಬರೆಸಿದ ಪುಸ್ತಕ. ಕಂಪನಿಯ ಹೆಸರು ಕನಿಷ್ಠ ಹನ್ನೆರಡು ಸಲ ಬರಬೇಕೆಂಬ ಒಪ್ಪಂದವಿತ್ತು. ಸಾಹಿತ್ಯಲೋಕ ಕೆಂಡವಾಯಿತು. ಅವಳು ಮುಚ್ಚಿಡಲಿಲ್ಲ, ಹೆಚ್ಚು ಅಳುಕಲೂ ಇಲ್ಲ. ಆ ಕಾದಂಬರಿಯಲ್ಲಿ ಬುಲ್ಗರಿ ಕಂಠಹಾರಕ್ಕಾಗಿ ಹಾತೊರೆಯುವವಳು ಡೋರಿಸ್, ಇನ್ನೊಬ್ಬಳ ಗಂಡನನ್ನು ಕಿತ್ತುಕೊಂಡವಳು. ಕಂಪನಿ ಹೆಸರನ್ನು ಎಣಿಸುತ್ತಾ ಕೂತಿದ್ದಾಗ ಲೇಖಕಿ ಅದನ್ನು ದುರಾಸೆಯ ಕೈಗೆ ಕೊಟ್ಟಿದ್ದಳು ಎಂದು ಹೇಳುವ ಆಸೆ ನನಗೂ ಇದೆ. ಹಾಗೆ ಹೇಳಿದರೆ ಪ್ರಬಂಧ ಚೆಂದವಾಗುತ್ತದೆ. ಆದರೆ ಓದಿದಾಗ ನನಗೆ ಹಾಗೆ ಪೂರ್ತಿ ಅನಿಸಲಿಲ್ಲ. ಆ ಹಾರದ ಹೊಳಪಿಗೆ ಎದುರಾಡುವ ಕರ್ಣ ಅಲ್ಲಿ ಯಾರೂ ಇಲ್ಲ. ಡೋರಿಸ್ ಸೋತರೂ ಹಾರ ಸೋಲುವುದಿಲ್ಲ. ಮುಚ್ಚುಮರೆಯಿಲ್ಲದೆ ಮಾಡಿದ್ದಾಳೆ ಎನ್ನುವುದು ದೊಡ್ಡ ಮಾತೇ, ಆದರೂ ಅಷ್ಟು ಸಾಲದು.

ಹೀಗೆ ನೋಡುತ್ತಾ ಹೋದರೆ ನನಗೆ ಹಣದ ಪ್ರಶ್ನೆ ಹಿಂದೆ ಸರಿದು, ನಾವು ಬರೆದದ್ದರೊಳಗೆ ಅದಕ್ಕೆ ಎದುರು ಮಾತಾಡುವವರು ಇದ್ದಾರೋ ಇಲ್ಲವೋ ಎಂಬ ಪ್ರಶ್ನೆ ಮುಂದೆ ಬರುತ್ತದೆ. ನಾಟಕದಲ್ಲಿ ಇದ್ದೇ ಇರುತ್ತಾರೆ, ಇಲ್ಲದಿದ್ದರೆ ಅದು ನಾಟಕವೇ ಅಲ್ಲ. ಚಿತ್ರಕಥೆಯಲ್ಲಿ ನಿರ್ಮಾಪಕ ಬಿಟ್ಟಷ್ಟು ಇರುತ್ತಾರೆ. ಜಾಹೀರಾತಿನಲ್ಲಿ ಆ ಜಾಗವನ್ನು ಮೊದಲೇ ಗಾರೆ ಹಾಕಿ ಮುಚ್ಚಿರುತ್ತಾರೆ. ಮಾತು ಬರುತ್ತದೆ, ಮರುಮಾತು ಬರುವಂತಿಲ್ಲ. ವೋಡ್ಕಾದ ಸಾಲು ತಿರಸ್ಕೃತವಾದದ್ದು ಅದಕ್ಕೇ ಇರಬೇಕು. ಅದು ಹೊಗಳಿಕೆಯೂ ಹೌದು, ಅದಕ್ಕೆ ಬರಬಹುದಾದ ಮರುಮಾತೂ ಹೌದು.

ನನ್ನ ಸಾಲಿಗೆ ಬರೋಣ. ಅದರಲ್ಲಿ ಸುಳ್ಳು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೋರಿಸುವುದು ಕಷ್ಟ. ಚಿನ್ನ ಅಡವಿಟ್ಟವರದೇ, ಬಡ್ಡಿ ಕಟ್ಟುವಷ್ಟು ದಿನ. ಲಾಕರಿನಲ್ಲಿ ಅದನ್ನು ಕಾಯುವ ಚಿಂತೆ ಅವರದೇ. ಪದಪದವಾಗಿ ನೋಡಿದರೆ ದಿಟ. ಮನೆಯವರೇ ಆಡಿದ ಮಾತಿನ ಹಾಗೆ ಇರಲಿ ಎಂದಿದ್ದರಲ್ಲ, ಹಾಗೇ ಬರೆದಿದ್ದೆ. ನನ್ನ ಚಿಕ್ಕಮ್ಮ ನಮಗೆಲ್ಲ ಹಾಗೇ ಹೇಳುತ್ತಿದ್ದಳು, ಚಿಂತೆ ನನಗೆ ಬಿಡಿ, ನೀವು ಓದ್ಕಳಿ ಅಂತ. ಆ ದನಿಯನ್ನು ಕದ್ದು 800 ರೂಪಾಯಿಗೆ ಕೊಟ್ಟಿದ್ದೆ ಎಂದು ನನಗೆ ಹೊಳೆದದ್ದು ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ.

ಚಿಕ್ಕಮ್ಮ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ಚಿಕ್ಕಪ್ಪನ ಆಪರೇಷನ್ನಿಗೆ ಅಡವಿಟ್ಟು ವರ್ಷವಾಗಿತ್ತು, ಬೇರೆ ಯಾವುದೋ ಅಂಗಡಿಯಲ್ಲಿ. ಎದುರಿನ ಕಟ್ಟಡದ ಮೇಲೆ ಹೋರ್ಡಿಂಗ್. ನಗುವ ಹೆಂಗಸು, ಕೈತುಂಬ ಬಳೆ, ಕೆಳಗೆ ನನ್ನ ಸಾಲು. ಚಿಕ್ಕಮ್ಮ ಅದನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದಳು.

“ಚೆನ್ನಾಗ್ ಬರ್ದವ್ರೆ, ಅಲ್ವಾ ಮಗಾ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಚಿಂತೆ ಅವ್ರದಂತೆ. ಹಂಗಾದ್ರೆ ಬಡ್ಡಿ ಕಟ್ಟೋ ದಿನ ಹತ್ರ ಬಂದಾಗ ನಿದ್ದೆ ಕೆಡೋದು ಯಾರ್ದು?”

ಅದನ್ನು ಬರೆದದ್ದು ಯಾರು ಎಂದು ನಾನು ಹೇಳಲಿಲ್ಲ. ಬ್ಯಾಗಿನಲ್ಲಿ ಪಂಪಭಾರತದ ಮೇಲಿನ ಅಧ್ಯಾಯ ಇತ್ತು, ಕವಿಯ ಸ್ವಾತಂತ್ರ್ಯ ಎಂದು ಶೀರ್ಷಿಕೆ ಕೊಟ್ಟಿದ್ದೆ. ಬಸ್ಸು ಬಂತು. ಚಿಕ್ಕಮ್ಮ ಕಿಟಕಿಯಿಂದ ಕೊಬ್ಬರಿ ಮಿಠಾಯಿ ಡಬ್ಬಿ ಕೊಟ್ಟು, ತಲುಪಿದ ಮೇಲೆ ಫೋನ್ ಮಾಡು ಎಂದಳು.