ಉತ್ತರಪತ್ರಿಕೆಯಲ್ಲಿ ಒಂದು, ಅಂತರಂಗದಲ್ಲಿ ಇನ್ನೊಂದು?



ದ್ವಿತೀಯ ಪಿ.ಯು.ಸಿ. ಪರೀಕ್ಷೆ ಸಮೀಪಿಸಿದಾಗ ಮನೆಯ ವಾತಾವರಣ ಹೇಗಿರುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ಟಿ.ವಿ. ಮೌನವಾಗುತ್ತದೆ, ಸಂಜೆಯ ಜಪಸರದ ಕೊನೆಯಲ್ಲಿ ಮಗಳಿಗಾಗಿ ಒಂದು ಪ್ರಾರ್ಥನೆ ಹೆಚ್ಚಾಗಿ ಸೇರುತ್ತದೆ. ಆಕೆಗೆ ವೈದ್ಯೆಯಾಗುವ ಹಂಬಲವಿದ್ದರೆ ಜೀವಶಾಸ್ತ್ರದ ಭಾರ ಇಮ್ಮಡಿ. ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಆ ವಿಷಯದವೇ. ಅಂಥ ಒಂದು ರಾತ್ರಿ ಆಕೆ ವಿಕಾಸದ ಅಧ್ಯಾಯದಿಂದ ತಲೆಯೆತ್ತಿ, "ಅಪ್ಪಾ, ಇದು ನಿಜವಾದರೆ ಆದಾಮ-ಹವ್ವರ ವೃತ್ತಾಂತ ಸುಳ್ಳೇ?" ಎಂದು ಕೇಳುತ್ತಾಳೆ.

"ಅದೆಲ್ಲ ಈಗ ಬೇಡಮ್ಮಾ. ಪರೀಕ್ಷೆಗೆ ಪುಸ್ತಕದಲ್ಲಿರುವುದನ್ನು ಬರೆ. ಮನಸ್ಸಿನಲ್ಲಿ ನಂಬಬೇಡ, ಅಷ್ಟೇ."

ಈ ಮಾತನ್ನು ಆಡುವವರು ಕೆಟ್ಟ ತಂದೆಯರಲ್ಲ. ಮಗಳ ವಿಶ್ವಾಸವೂ ಉಳಿಯಲಿ, ಅಂಕಗಳೂ ಬರಲಿ ಎಂಬ ಕಳಕಳಿ ಅವರದು. ಆದರೆ ಈ ಉಪದೇಶದಲ್ಲಿ ಅಡಗಿರುವುದೇನೆಂದು ಗಮನಿಸಿ. ಕೈ ಒಂದನ್ನು ಬರೆಯಬಹುದು, ಹೃದಯ ಇನ್ನೊಂದನ್ನು ಹೇಳಬಹುದು, ಲಾಭವಿದ್ದರೆ ಅದು ತಪ್ಪಲ್ಲ ಎಂಬ ಪಾಠವನ್ನು ಹದಿನೇಳರ ಹುಡುಗಿ ಮನೆಯಲ್ಲೇ ಕಲಿಯುತ್ತಾಳೆ. ವಿಕಾಸವಾದಕ್ಕಿಂತ ಈ ಪಾಠವೇ ವಿಶ್ವಾಸಕ್ಕೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಅದೂ ಅಲ್ಲದೆ, ಇಂಥ ಇಬ್ಬಗೆಯನ್ನು ಧರ್ಮಸಭೆ ನಮ್ಮಿಂದ ಕೇಳಿಯೇ ಇಲ್ಲ. ಮಾನವ ದೇಹವು ಮೊದಲೇ ಇದ್ದ ಜೀವದ್ರವ್ಯದಿಂದ ಬಂದಿರಬಹುದೇ ಎಂಬುದನ್ನು ವಿದ್ವಾಂಸರು ಪರಿಶೀಲಿಸಲು 1950ರಲ್ಲೇ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಅವಕಾಶವಿತ್ತರು. ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆಂದು ಒತ್ತಿ ಹೇಳಿದರು. 1996ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ವಿಕಾಸದ ಸಿದ್ಧಾಂತವು ಬರೀ ಊಹೆಯ ಮಟ್ಟವನ್ನು ದಾಟಿದೆಯೆಂದು ವಿಜ್ಞಾನಿಗಳಿಗೆ ಬರೆದರು. ಅದಕ್ಕೂ ಬಹಳ ಹಿಂದೆ, ಐದನೆಯ ಶತಮಾನದ ಆರಂಭದಲ್ಲಿ, ಆದಿಕಾಂಡಕ್ಕೆ ವ್ಯಾಖ್ಯಾನ ಬರೆದ ಸಂತ ಅಗಸ್ಟೀನರು ಒಂದು ಎಚ್ಚರಿಕೆ ನೀಡಿದ್ದರು: ಭೂಮಿ, ಆಕಾಶ, ಪ್ರಾಣಿಗಳ ಬಗ್ಗೆ ಬಲ್ಲವರ ಮುಂದೆ ಕ್ರೈಸ್ತನೊಬ್ಬ ಶ್ರೀಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತನಾಡಿದರೆ, ಪುನರುತ್ಥಾನದ ಕುರಿತು ಅದೇ ಗ್ರಂಥ ಹೇಳುವುದನ್ನು ಅವರು ಹೇಗೆ ನಂಬಿಯಾರು?

ನಿಮ್ಮ ಮಗಳು ಅನುವಂಶೀಯತೆಯ ಅಧ್ಯಾಯದಲ್ಲಿ ಬಾಯಿಪಾಠ ಮಾಡುವ ಬಟಾಣಿ ಗಿಡಗಳೂ ಒಂದು ಸನ್ಯಾಸಿ ಮಠದ ತೋಟದಲ್ಲಿ ಬೆಳೆದವು. ಬರ್ನೊ ನಗರದ ಅಗಸ್ಟೀನಿಯನ್ ಮಠದ ಗುರು ಗ್ರೆಗೊರ್ ಮೆಂಡೆಲ್ ಏಳು ಲಕ್ಷಣಗಳನ್ನು ವರ್ಷಗಟ್ಟಲೆ ಎಣಿಸಿ, 1866ರಲ್ಲಿ ಪ್ರಕಟಿಸಿದರು. ಬೆಳಿಗ್ಗೆ ಬಲಿಪೂಜೆ ಅರ್ಪಿಸಿದ ಕೈಗಳೇ ಪರಾಗವನ್ನೂ ಮುಟ್ಟಿದವು. (ಈ ಸಂಗತಿಯನ್ನು ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಏಕೆ ಹೇಳುವುದಿಲ್ಲವೋ ಕಾಣೆ.)

ನಿಜವಾದ ತೊಡಕು ಬೇರೊಂದು ಅಧ್ಯಾಯದಲ್ಲಿದೆ: ಸಂತಾನೋತ್ಪತ್ತಿ ಆರೋಗ್ಯ. ಅಲ್ಲಿ ಗರ್ಭನಿರೋಧಕಗಳ ವಿವರಣೆಯಿದೆ. 1971ರ ಕಾನೂನು ಅನುಮತಿಸಿದ ಗರ್ಭಪಾತದ ಪ್ರಸ್ತಾಪವಿದೆ. ಧರ್ಮಸಭೆಯ ಬೋಧನೆ ಇಲ್ಲಿ ಪುಸ್ತಕದೊಂದಿಗೆ ಹೊಂದುವುದಿಲ್ಲ, ಅದನ್ನು ಮರೆಮಾಚಬೇಕಿಲ್ಲ. ಹಾಗೆಂದು ಆ ಪುಟಗಳನ್ನು ಮಗುಚಿ ಹಾಕಬೇಕೇ? ಒಂದು ವಿಧಾನ ಹೇಗೆ ಕೆಲಸ ಮಾಡುತ್ತದೆಂದು ಬರೆಯುವುದು ಅದನ್ನು ಒಪ್ಪಿದಂತಲ್ಲ. ಪ್ರಶ್ನೆಪತ್ರಿಕೆ ಕೇಳುವುದು, ಆಕೆಗೆ ಏನು ತಿಳಿದಿದೆ ಎಂದು. ಆಕೆ ಏನು ಮಾಡುತ್ತಾಳೆಂಬ ಪ್ರಶ್ನೆ ಮುಂದೊಂದು ದಿನ ಆಸ್ಪತ್ರೆಯಲ್ಲಿ ಏಳುತ್ತದೆ. ಅಲ್ಲಿ ಬೇಡವೆನ್ನುವವಳಿಗೆ ಬೇಡವೆನ್ನುತ್ತಿರುವುದು ಯಾವುದನ್ನು ಎಂಬ ಸ್ಪಷ್ಟ ಅರಿವು ಬೇಕು.

ಆದುದರಿಂದ ಮಗಳು ಮತ್ತೆ ಕೇಳಿದರೆ, ಪುಸ್ತಕ ಮುಚ್ಚಲು ಹೇಳಿ ಅರ್ಧ ಗಂಟೆ ಜೊತೆಗೆ ಕುಳಿತುಕೊಳ್ಳಿ. ಉತ್ತರ ತಿಳಿಯದಿದ್ದರೆ, "ನನಗೂ ಗೊತ್ತಿಲ್ಲ ಮಗಳೇ, ಭಾನುವಾರ ಪೂಜೆಯಾದ ಮೇಲೆ ಗುರುಗಳನ್ನು ಕೇಳೋಣ" ಎನ್ನಿ. ಪರೀಕ್ಷೆಯ ಹೊತ್ತಿನಲ್ಲಿ ಸಮಯ ಹಾಳಾಯಿತೆಂದು ಆಕೆಯ ತಾಯಿ ಗೊಣಗಬಹುದು. ಗೊಣಗಲಿ.